‘ಜೊತೆಗೆ ಬದುಕೋಣ’ ಅನ್ನೋರು ಯಾರು?

‘ರೋಗದ ಜೊತೆ ಬದುಕೋದನ್ನ ಕಲೀಬೇಕು.’ 2020ರ ಮೇ ತಿಂಗಳಲ್ಲಿ ಸರ್ಕಾರದವರ ಬಾಯಿಂದ ಹೊರಟ ಈ ಮಾತು ಇವತ್ತಿಗೂ ನಮ್ಮ ಆಫೀಸುಗಳ ಲಂಚ್ ಟೇಬಲ್ಲಿನಲ್ಲಿ ಬಾಳ್ವೆ ಮಾಡ್ತಿದೆ. ಡೆಂಗ್ಯೂ ಬಂದ್ರೆ ಅದೇ ಮಾತು, ಮಂಗನ ಕಾಯಿಲೆ ಬಂದ್ರೂ ಅದೇ. ಹೇಳೋರು ಏನೋ ದೊಡ್ಡ ವೇದಾಂತ ಹೇಳಿದ ಮುಖ ಮಾಡ್ತಾರೆ. ಅದರ ಬೆನ್ನಿಗೇ ಇನ್ನೊಂದು ವಾದ ಬರುತ್ತೆ: ‘ಕೋವಿಡ್ಡು, ಮಂಕಿಪಾಕ್ಸು ಎಲ್ಲ ಪಾಶ್ಚಾತ್ಯರ ಭಯ ಕಣ್ರೀ. ನಮ್ಮ ನಿಜವಾದ ಸಮಸ್ಯೆ ಟಿಬಿ. ಅದರ ಬಗ್ಗೆ ಯಾರಾದ್ರೂ ಮಾತಾಡ್ತಾರಾ?’

ಸರಿ, ಮಾತಾಡೋಣ.

ಮೊದಲು ಈ ಎರಡನೇ ವಾದದಲ್ಲಿರೋ ಸತ್ಯವನ್ನ ಒಪ್ಪಿಕೊಳ್ತೀನಿ, ಯಾಕಂದ್ರೆ ಅದು ಸಣ್ಣ ಸತ್ಯ ಅಲ್ಲ. 2019ರಲ್ಲಿ ಈ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ಲೆಕ್ಕಕ್ಕೆ ಸಿಕ್ಕಿದ್ದರು. 2020ರಲ್ಲಿ ಆ ಸಂಖ್ಯೆ 18 ಲಕ್ಷಕ್ಕೆ ಕುಸಿಯಿತು. ಉಳಿದ ಆರು ಲಕ್ಷ ಜನರಿಗೆ ರೋಗ ವಾಸಿಯಾಗಿತ್ತಾ? ಇಲ್ಲ. ಬಸ್ ಇರಲಿಲ್ಲ, ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬೀಗ ಬಿದ್ದಿತ್ತು, ಕಫ ಪರೀಕ್ಷೆ ಮಾಡಬೇಕಿದ್ದ ಸಿಬ್ಬಂದಿ ಮೂಗಿನ ಸ್ವಾಬ್ ತೆಗೀತಿದ್ದರು. ಟಿಬಿ ಪತ್ತೆಗೆ ಅಂತ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ವರ್ಷಗಟ್ಟಲೆ ಕೂತು ರೂಪಿಸಿದ, ಬ್ಯಾಟರಿಯಲ್ಲೇ ಓಡುವ ಟ್ರೂನ್ಯಾಟ್ ಯಂತ್ರಗಳನ್ನ 2020ರ ಏಪ್ರಿಲ್‌ನಿಂದ ಕೋವಿಡ್ ಪರೀಕ್ಷೆಗೆ ಹಚ್ಚಲಾಯಿತು. ಒಂದು ರೋಗದ ಗಲಾಟೆಯಲ್ಲಿ ಇನ್ನೊಂದು ರೋಗದ ಕೆಮ್ಮು ಯಾರಿಗೂ ಕೇಳಿಸಲಿಲ್ಲ ಅನ್ನೋದು ನೂರಕ್ಕೆ ನೂರು ನಿಜ.

ಆದರೆ ನನ್ನ ತಕರಾರು ಇರೋದು ಇಲ್ಲಿ. ಈ ವಾದ ಮಾಡೋರು 2019ರಲ್ಲಿ ಟಿಬಿ ಬಗ್ಗೆ ಒಂದು ಮಾತಾಡಿದ್ದರಾ? ಕೋವಿಡ್ ವಿಷಯ ಬಂದಾಗ ಟಿಬಿ ತೋರಿಸ್ತಾರೆ, ಟಿಬಿ ವಿಷಯ ಬಂದಾಗ ‘ಅದು ಮೊದಲಿಂದ ಇದ್ದಿದ್ದೇ ಬಿಡಿ’ ಅಂತಾರೆ. ಟಿಬಿ ಇವರಿಗೆ ಒಂದು ಬೆತ್ತ. ಇನ್ನೊಬ್ಬರ ಬೆನ್ನಿಗೆ ಬಾರಿಸೋಕೆ ಮಾತ್ರ ಮೂಲೆಯಿಂದ ಹೊರಗೆ ಬರುತ್ತೆ.

ನಮ್ಮೂರು ಬುಕ್ಕಸಾಗರ. ಕಮಲಾಪುರ ದಾಟಿ ಕಂಪ್ಲಿ ರಸ್ತೆ ಹಿಡಿದರೆ ಸಿಗುತ್ತೆ, ತುಂಗಭದ್ರೆಯ ದಂಡೆ, ಬಾಳೆ, ಕಬ್ಬು, ಗದ್ದೆ. ವೀಕೆಂಡಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೊಸಪೇಟೆಯಲ್ಲಿ ಇಳಿದು ಬಂಡೆ ಹತ್ತಿ ಸೂರ್ಯಾಸ್ತದ ಫೋಟೋ ತೆಗೆಯುವ ನಿಮಗೆ ಆ ಹಸಿರು ಕಂಡಿರುತ್ತೆ. ಅಲ್ಲಿಂದ ದಕ್ಷಿಣಕ್ಕೆ ಸಂಡೂರಿನ ಕೆಂಪು ಗುಡ್ಡ, ತೋರಣಗಲ್ಲಿನ ಚಿಮಣಿ. ಈ ಸೀಮೆಯಲ್ಲಿ ‘ಸಣ್ಣ ಕೆಮ್ಮು’ ಅಂದ್ರೆ ಏನು ಅಂತ ಹಿರಿಯರಿಗೆ ವಿವರಿಸಬೇಕಾಗಿಲ್ಲ. ದನಿ ತಗ್ಗಿಸಿ ಹೇಳ್ತಾರೆ, ಹೆಣ್ಣು ಮಕ್ಕಳ ಮದುವೆ ಮಾತುಕತೆ ನಡೀತಿದ್ರೆ ಅದನ್ನೂ ಹೇಳಲ್ಲ. ಸುಗ್ಗಿಗೆ ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗೋ ತಾಂಡಾದ ಜನ ಆರು ತಿಂಗಳ ಮಾತ್ರೆಯನ್ನ ಎಲ್ಲಿ ಕೂತು ನುಂಗಬೇಕು? ನಿಕ್ಷಯ್ ಪೋರ್ಟಲ್‌ನಲ್ಲಿ ರೋಗಿಯನ್ನ ಒಂದು ಊರಿಂದ ಇನ್ನೊಂದು ಊರಿಗೆ ವರ್ಗ ಮಾಡುವ ಆಪ್ಷನ್ ಇದೆ ಅಂತ ನೀವು ಹೇಳಬಹುದು. ಇದೆ. ಗುಳೆ ಹೋಗೋ ಮೇಸ್ತ್ರಿ ಲಾರಿ ರಾತ್ರಿ ಹನ್ನೆರಡಕ್ಕೆ ಬಂದು ಹಾರ್ನ್ ಹೊಡೆದಾಗ ಆ ಆಪ್ಷನ್ ಒತ್ತೋರು ಯಾರು ಅಂತ ಕೂಡ ಹೇಳಿಬಿಡಿ. (2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆದಮೇಲೆ ನಮ್ಮೂರು ಈ ಜಿಲ್ಲೆ, ಪಕ್ಕದ ಕಂಪ್ಲಿ ಬಳ್ಳಾರಿ ಜಿಲ್ಲೆ. ಬ್ಯಾಕ್ಟೀರಿಯಾಗೆ ಇನ್ನೂ ಗೆಜೆಟ್ ತಲುಪಿಲ್ಲ.)

ಸಿಲಿಕಾ ಧೂಳು ಸೇರಿದ ಶ್ವಾಸಕೋಶದಲ್ಲಿ ಟಿಬಿ ಸುಲಭವಾಗಿ ಮನೆ ಮಾಡುತ್ತೆ ಅನ್ನೋದು ವೈದ್ಯಶಾಸ್ತ್ರಕ್ಕೆ ನೂರು ವರ್ಷದಿಂದ ಗೊತ್ತು. ಕಲ್ಲು, ಗಣಿ, ಫೌಂಡ್ರಿ ಕೆಲಸದವರಿಗೆ ಕೆಮ್ಮು ಬಂದರೆ ಮಾತ್ರ ಇವತ್ತಿಗೂ ‘ಧೂಳಿನ ಕೆಮ್ಮು, ಬೆಲ್ಲ ತಿನ್ನು’ ಅನ್ನೋ ಔಷಧಿಯೇ ಮೊದಲು ಸಿಗೋದು.

ಈಗ ‘ಜೊತೆಗೆ ಬದುಕೋದು’ ಅನ್ನೋ ಮಾತಿಗೆ ವಾಪಸ್ ಬರ್ತೀನಿ. ಈ ಮಾತಿಗೆ ಒಂದು ಮರ್ಯಾದಸ್ಥ ಚರಿತ್ರೆ ಇದೆ. 1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಏಡ್ಸ್ ಇದ್ದ ಕೆಲವರು ಒಟ್ಟಿಗೆ ನಿಂತು, ನಮ್ಮನ್ನ ಬಲಿಪಶುಗಳು ಅನ್ನಬೇಡಿ, ನಾವು ಏಡ್ಸ್ ಇರುವ ಮನುಷ್ಯರು, ನಮ್ಮ ಚಿಕಿತ್ಸೆಯ ತೀರ್ಮಾನದಲ್ಲಿ ನಮಗೂ ಕುರ್ಚಿ ಬೇಕು ಅಂತ ಹಕ್ಕೊತ್ತಾಯ ಮಂಡಿಸಿದರು. ‘ಎಚ್‌ಐವಿ ಜೊತೆ ಬದುಕುತ್ತಿರುವವರು’ ಅನ್ನೋ ಪದಗುಚ್ಛದ ಬೇರು ಅಲ್ಲಿದೆ. ಅಂದ್ರೆ ಅದನ್ನ ಹೇಳಿದ್ದು ರೋಗ ಬಂದವರು. ಹೇಳಿದ್ದು ಜಗತ್ತಿಗೆ, ನೀವು ನಮಗೆ ಇಂತಿಂಥದ್ದು ಕೊಡಬೇಕು ಅಂತ.

ಕೊಟ್ಟರೂ ಕೂಡ, ಕಿತ್ತುಕೊಂಡ ಮೇಲೆ. ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೇಲಿದ್ದ ಎಚ್‌ಐವಿ ಔಷಧಿಯನ್ನ 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ 350 ಡಾಲರಿಗೆ ಕೊಡ್ತೀನಿ ಅಂದರು. 2004ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿತು. 2017ರಲ್ಲಿ ಎಚ್‌ಐವಿ ಇರುವವರನ್ನ ಕೆಲಸದಿಂದ ತೆಗೆಯೋದು, ಮನೆ ಬಾಡಿಗೆ ನಿರಾಕರಿಸೋದು ತಪ್ಪು ಅಂತ ಕಾನೂನೇ ಬಂತು. ಅದಿರಿನ ಭರಾಟೆಯ ದಿನಗಳಲ್ಲಿ ಹೊಸಪೇಟೆ ರಸ್ತೆಗಳಲ್ಲಿ ಸಾಲುಗಟ್ಟಿದ ಲಾರಿಗಳನ್ನ ನೋಡಿದೋರಿಗೆ ಗೊತ್ತು, ಬಳ್ಳಾರಿ ದೇಶದ ಹೆಚ್ಚು ಎಚ್‌ಐವಿ ಇದ್ದ ಜಿಲ್ಲೆಗಳ ಪಟ್ಟಿಯಲ್ಲಿತ್ತು. ಆ ಕಾಲದಲ್ಲಿ ಸೋಂಕು ತಗುಲಿದೋರು ಎಷ್ಟೋ ಜನ ಇವತ್ತು ದಿನಕ್ಕೊಂದು ಮಾತ್ರೆ ನುಂಗಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನ ಎತ್ತಿಕೊಂಡು ಓಡಾಡ್ತಿದ್ದಾರೆ. ಇದು ಜೊತೆಗೆ ಬದುಕೋದು. ಇದಕ್ಕೆ ಬಜೆಟ್ ಇದೆ, ಔಷಧಿ ಇದೆ, ಕೌನ್ಸೆಲರ್ ಇದ್ದಾರೆ, ಕಾನೂನಿದೆ.

ಅದೇ ಮಾತನ್ನ ವರ್ಕ್ ಫ್ರಮ್ ಹೋಮ್‌ನಲ್ಲಿ ಕೂತವನು ಡೆಲಿವರಿ ಹುಡುಗನಿಗೆ ಹೇಳಿದಾಗ ಏನಾಗುತ್ತೆ? ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. 2020ರ ಜೂನ್‌ನಲ್ಲಿ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ನೌಕರರಲ್ಲಿ ಕೋವಿಡ್ ಹಬ್ಬಿ ಪ್ರಕರಣಗಳು ನೂರು ದಾಟಿ ಏರುತ್ತಾ ಹೋದವು. ಕುಲುಮೆಯನ್ನ ಲ್ಯಾಪ್‌ಟಾಪಿನಲ್ಲಿ ನಡೆಸೋಕೆ ಆಗಲ್ಲ ನೋಡಿ. ಅದೇ ಜೂನ್ ಕೊನೆಗೆ, ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನ ಒಂದೇ ಗುಂಡಿಗೆ ಎಸೆಯುವ ವಿಡಿಯೋ ಇಡೀ ರಾಜ್ಯ ನೋಡಿತು. ಜಿಲ್ಲಾಧಿಕಾರಿ ಕ್ಷಮೆ ಕೇಳಿದರು. ಜೊತೆಗೆ ಬದುಕೋಕೆ ಕಲಿಯಿರಿ ಅಂತ ಹೇಳಿ ಇನ್ನೂ ಎರಡು ತಿಂಗಳಾಗಿರಲಿಲ್ಲ.

ಇತಿಹಾಸದಲ್ಲಿ ಜನ ಎಲ್ಲ ರೋಗಗಳ ಜೊತೆಗೂ ಬದುಕಿದ್ದಾರೆ ಅಂತ ಒಂದು ಮಾತು ಬರುತ್ತೆ. 1898ರಲ್ಲಿ ಪ್ಲೇಗ್ ರೈಲು ಹಿಡಿದು ಬೆಂಗಳೂರಿಗೆ ಬಂತು. ಆಗಿನ ಆಡಳಿತ ಮಾಡಿದ್ದರಲ್ಲಿ ಕ್ರೌರ್ಯವೂ ಇತ್ತು, ಬಲವಂತದ ಪ್ರತ್ಯೇಕತೆ ಇತ್ತು, ಮನೆ ಕೆಡವಿದ್ದಿತ್ತು. ಆದರೆ ಅದಾಗಲೇ ಗೆರೆ ಎಳೆದಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ವೇಗ ಪಡೆದದ್ದು ಆ ಪ್ಲೇಗಿನಿಂದ. ಅಗಲ ರಸ್ತೆ, ಮನೆ ಹಿಂದೆ ಕಸ ಸಾಗಿಸೋ ಓಣಿ, ಗಾಳಿ ಬೆಳಕು. ನೀವು ಭಾನುವಾರ ಬೆಳಗ್ಗೆ ಬೆಣ್ಣೆ ಮಸಾಲೆ ತಿನ್ನೋಕೆ ಕ್ಯೂ ನಿಲ್ಲೋ ಊರಭಾಗ ಒಂದು ಸಾಂಕ್ರಾಮಿಕಕ್ಕೆ ಕೊಟ್ಟ ಉತ್ತರ. ಆಗಿನವರು ‘ಇಲಿ ಜೊತೆ ಬದುಕೋಣ’ ಅಂದುಕೊಂಡು ಸುಮ್ಮನಿದ್ದಿದ್ದರೆ ನಿಮ್ಮ ಆ ಮರದ ನೆರಳಿನ ರಸ್ತೆ ಎಲ್ಲಿರ್ತಿತ್ತು?

ಇನ್ನು ಜಾಗತಿಕ ಆದ್ಯತೆ. ಇಲ್ಲಿ ನಾನು ಲಂಚ್ ಟೇಬಲ್ಲಿನ ಗೆಳೆಯರ ಪಕ್ಷ, ಅವರಿಗಿಂತ ಜಾಸ್ತಿ ಸಿಟ್ಟಿನಿಂದ. ಕೋವಿಡ್ ಲಸಿಕೆ ಒಂದು ವರ್ಷದೊಳಗೆ ತೋಳಿಗೆ ಬಂತು. ಟಿಬಿಗೆ ನಾವಿನ್ನೂ ಹಾಕ್ತಿರೋ ಬಿಸಿಜಿ ಮೊದಲು ಮನುಷ್ಯರಿಗೆ ಹಾಕಿದ್ದು 1921ರಲ್ಲಿ, ಅದೂ ದೊಡ್ಡವರ ಶ್ವಾಸಕೋಶದ ಟಿಬಿಯನ್ನ ಸರಿಯಾಗಿ ತಡೆಯಲ್ಲ. ಭರವಸೆ ಹುಟ್ಟಿಸಿದ ಎಂ72 ಲಸಿಕೆಯ ಫಲಿತಾಂಶ 2018ರಲ್ಲೇ ಬಂದಿದ್ದರೂ ಕೊನೆಯ ಹಂತದ ಪ್ರಯೋಗ ಶುರುವಾಗಿದ್ದು 2024ರಲ್ಲಿ. 2023ರಲ್ಲಿ ಜಗತ್ತಿನಾದ್ಯಂತ 12.5 ಲಕ್ಷ ಜನ ಸತ್ತ ರೋಗ ಇದು. ಸತ್ತವರು ಲಂಡನ್ನಿನಲ್ಲಿ ಇದ್ದಿದ್ದರೆ ಆರು ವರ್ಷ ಕಾಯ್ತಿದ್ದರಾ? ಔಷಧನಿರೋಧಕ ಟಿಬಿಗೆ ಜೀವ ಉಳಿಸೋ ಬೆಡಾಕ್ವಿಲಿನ್ ಮೇಲಿನ ಪೇಟೆಂಟನ್ನ ಇನ್ನೂ ನಾಲ್ಕು ವರ್ಷ ಎಳೆಯೋಕೆ ಜಾನ್ಸನ್ ಅಂಡ್ ಜಾನ್ಸನ್ ಅರ್ಜಿ ಹಾಕಿತ್ತು. ಅದನ್ನ ಎದುರಿಸಿ ನಿಂತವರು ಟಿಬಿಯಿಂದ ಬದುಕಿ ಬಂದ ಇಬ್ಬರು ಹೆಣ್ಣುಮಕ್ಕಳು, ನಮ್ಮ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಝಾ ಟಿಸಿಲೆ. ಇಬ್ಬರೂ ಚಿಕಿತ್ಸೆಯ ಹಳೇ ವಿಷಮಯ ಔಷಧಿಯಿಂದ ಕಿವಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನ ತಳ್ಳಿಹಾಕಿತು. ‘ಜೊತೆಗೆ ಬದುಕೋಣ’ ಅಂತ ಇವರಿಬ್ಬರೂ ಸುಮ್ಮನಿದ್ದಿದ್ದರೆ?

ಆದರೆ ಜಿನೀವಾವನ್ನ ಬೈದು ಕೈ ತೊಳ್ಕೊಳ್ಳೋದು ಸುಲಭದ ದೇಶಪ್ರೇಮ. 2025ರೊಳಗೆ ಟಿಬಿ ಮುಗಿಸ್ತೀವಿ, ಜಗತ್ತಿಗಿಂತ ಐದು ವರ್ಷ ಮುಂಚೆ ಅಂತ ಘೋಷಿಸಿದ್ದು ನಾವೇ. 2015ಕ್ಕೆ ಹೋಲಿಸಿದರೆ ಹೊಸ ಪ್ರಕರಣ ಶೇ 80 ಇಳಿಯಬೇಕಿತ್ತು. 2024ರ ಹೊತ್ತಿಗೆ ಇಳಿದದ್ದು ಶೇ 21. ಲಕ್ಷಕ್ಕೆ 237 ಇದ್ದದ್ದು 187 ಆಗಿದೆ. ಜಗತ್ತಿನ ಸರಾಸರಿಗಿಂತ ಇದು ವೇಗವೇ, ಅದಕ್ಕೆ ದುಡಿದ ಆಶಾ ಕಾರ್ಯಕರ್ತೆಯರಿಗೆ, ಲ್ಯಾಬ್ ಟೆಕ್ನಿಷಿಯನ್ನರಿಗೆ ನಮಸ್ಕಾರ. ಬ್ಯಾನರ್ ಬರೆಸಿದವರಿಗೆ ಅಲ್ಲ. 2024ರ ಮಾರ್ಚ್‌ನಲ್ಲಿ ಅದೇ ಕೇಂದ್ರ ಸರ್ಕಾರ ಟಿಬಿ ಮಾತ್ರೆ ಸರಬರಾಜು ತಡವಾಗುತ್ತೆ, ನೀವೇ ಸ್ಥಳೀಯವಾಗಿ ಕೊಂಡುಕೊಳ್ಳಿ ಅಂತ ರಾಜ್ಯಗಳಿಗೆ ಪತ್ರ ಬರೆಯಿತು. ಒಂದು ದಿನವೂ ತಪ್ಪಿಸಬೇಡಿ ಅಂತ ರೋಗಿಗೆ ಹೇಳೋ ಸರ್ಕಾರದ್ದೇ ಕಥೆ ಇದು.

ಏನು ಮಾಡಬೇಕು ಅನ್ನೋದು ಗೊತ್ತಿಲ್ಲದ ರೋಗವೂ ಅಲ್ಲ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಟಿಬಿ ರೋಗಿಯ ಮನೆಯವರಿಗೆ, ಅಂದ್ರೆ ಇನ್ನೂ ರೋಗ ಬರದವರಿಗೆ, ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, 1.5 ಕೆಜಿ ತೊಗರಿಬೇಳೆ, ಒಂದಿಷ್ಟು ವಿಟಮಿನ್ ಮಾತ್ರೆ. ಹತ್ತು ಸಾವಿರಕ್ಕೂ ಹೆಚ್ಚು ಜನ ಪ್ರಯೋಗದಲ್ಲಿದ್ದರು. 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು: ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು ಶೇ 39ರಷ್ಟು ಕಮ್ಮಿ. ಇನ್ನೊಂದು ಕಡೆ, ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5 ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ 61 ಕಮ್ಮಿ. ಅಷ್ಟು ಕೆಲಸ ಮಾಡಿದ್ದು ಬೇಳೆ, ಯಾವ ಬಿಲಿಯನ್ ಡಾಲರ್ ಲಸಿಕೆಯೂ ಅಲ್ಲ. ಒಬ್ಬ ಸಂಪರ್ಕಿತನಿಗೆ ತಿಂಗಳಿಗೆ ಆಗಿನ ಬೆಲೆಯಲ್ಲಿ ಮುನ್ನೂರು ಚಿಲ್ಲರೆ ರೂಪಾಯಿ. ನಿಮ್ಮ ಒಂದು ಮಧ್ಯಾಹ್ನದ ಆರ್ಡರ್.

ನಾವು ಇದನ್ನ ಏನು ಮಾಡಿದೆವು? ರೋಗಿಯ ಖಾತೆಗೆ 2018ರಿಂದ ತಿಂಗಳಿಗೆ 500 ರೂಪಾಯಿ ಹಾಕಿದೆವು, 2024ರ ನವೆಂಬರ್‌ನಲ್ಲಿ ಅದು 1000 ಆಯಿತು. ಒಳ್ಳೇದು. ಮನೆಯವರ ಊಟವನ್ನ ಮಾತ್ರ ನಿಕ್ಷಯ್ ಮಿತ್ರ ಅನ್ನೋ ಹೆಸರಲ್ಲಿ ದಾನಿಗಳಿಗೆ ಬಿಟ್ಟೆವು. ದಾನಿ ಸಿಕ್ಕರೆ ಕಿಟ್, ಕಿಟ್ಟಿನ ಜೊತೆ ಫೋಟೋ. ರೋಗದ ಹೆಸರನ್ನ ದನಿ ತಗ್ಗಿಸಿ ಹೇಳೋ ಊರಲ್ಲಿ, ಮೂಟೆ ಹಿಡಿಸಿ ಸಾಲಾಗಿ ನಿಲ್ಲಿಸಿ ಫೋಟೋ! ಪೋಲಿಯೋ ಹನಿಗೆ ದಾನಿ ಹುಡುಕಿದ್ದೆವಾ ನಾವು?

ದುಡ್ಡಿಲ್ಲ ಅಂತ ದಯವಿಟ್ಟು ಹೇಳಬೇಡಿ, ಬೇರೆ ಎಲ್ಲಾದರೂ ಹೇಳಿ, ಸಂಡೂರಲ್ಲಿ ಬೇಡ. 2015ರ ಗಣಿ ಕಾನೂನಿನ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ, ಅದರಲ್ಲಿ ಕನಿಷ್ಠ ಶೇ 60ನ್ನ ಆರೋಗ್ಯ, ಕುಡಿಯೋ ನೀರು, ಶಿಕ್ಷಣದಂಥ ಮುಖ್ಯ ವಲಯಗಳಿಗೇ ಖರ್ಚು ಮಾಡಬೇಕು ಅಂತ ನಿಯಮವೇ ಹೇಳಿತ್ತು. ಅದರ ಮೇಲೆ ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆ ಅಂತ ಸಾವಿರಾರು ಕೋಟಿ ರೂಪಾಯಿ ಬೇರೆ ಇದೆ. ಆರೋಗ್ಯ ಅಂದ ಕೂಡಲೇ ನಮ್ಮ ಪ್ರತಿನಿಧಿಗಳಿಗೆ ಕಟ್ಟಡ ನೆನಪಾಗುತ್ತೆ, ಯಾಕಂದ್ರೆ ಕಟ್ಟಡಕ್ಕೆ ಟೆಂಡರ್ ಇರುತ್ತೆ, ಉದ್ಘಾಟನೆಯ ಕಲ್ಲು ಇರುತ್ತೆ. ಒಂದೂವರೆ ಕೆಜಿ ಬೇಳೆಗೆ ಕಲ್ಲು ನೆಡೋಕೆ ಆಗಲ್ಲ. ಅಕ್ಕಿ ಈಗಾಗಲೇ ರೇಷನ್ ಅಂಗಡಿಗೆ ಬರ್ತಿದೆ. ಟಿಬಿ ಬಂದ ಮನೆಯ ಎಲ್ಲರಿಗೂ ಆರು ತಿಂಗಳು ಬೇಳೆ, ಗುತ್ತಿಗೆ ಕಾರ್ಮಿಕರೂ ಸೇರಿದಂತೆ ಗಣಿ, ಕಾರ್ಖಾನೆಯ ಪ್ರತಿಯೊಬ್ಬರಿಗೂ ವರ್ಷಕ್ಕೊಂದು ಎದೆ ಎಕ್ಸ್‌ರೇ, ಗುಳೆ ಹೊರಡೋ ಮೊದಲು ತಾಂಡಾದಲ್ಲೇ ಪರೀಕ್ಷೆ, ಮಾತ್ರೆಯ ಪೂರ್ತಿ ಕೋರ್ಸ್ ಕೈಯಲ್ಲಿ. ಇದನ್ನ ಬಳ್ಳಾರಿ ಮತ್ತು ಹೊಸಪೇಟೆಯಲ್ಲಿ ಕೂತೇ ತೀರ್ಮಾನಿಸಬಹುದು, ಜಿನೀವಾದ ಅಪ್ಪಣೆ ಬೇಕಿಲ್ಲ.

ಇದರಲ್ಲಿ ನಿಮಗೇನು ಸಂಬಂಧ ಅಂತ ಕೇಳ್ತೀರಾ? ನಿಮ್ಮ ಅಪಾರ್ಟ್‌ಮೆಂಟ್ ಕಟ್ಟಿದ ಕೈ ಯಾವ ಸೀಮೆಯದ್ದು ಅಂತ ವಿಚಾರಿಸಿ. ನಿಮ್ಮ ಮನೆಗೆ ಅಡುಗೆಗೆ ಬರೋರು, ಗೇಟಿನಲ್ಲಿ ರಾತ್ರಿ ಪಾಳಿ ಮಾಡೋರು, ತಗಡಿನ ಶೆಡ್ಡಿನಲ್ಲಿ ಎಂಟು ಜನ ಮಲಗೋರು ಎರಡು ವಾರದಿಂದ ಕೆಮ್ಮುತ್ತಿದ್ದರೆ, ರಜೆ ಕೊಟ್ಟು ಕಳಿಸೋದು ಅಂದ್ರೆ ಸಂಬಳ ಕಡಿದು ಕಳಿಸೋದು ಅಂತಲೇ ನಮ್ಮಲ್ಲಿ ಅರ್ಥ. ಆರು ತಿಂಗಳ ಚಿಕಿತ್ಸೆ ಮುಗಿಯೋವರೆಗೂ ಅವರ ಕೆಲಸ ಇರುತ್ತೆ, ಸಂಬಳ ಕಡಿಯಲ್ಲ ಅಂತ ನಿಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಒಂದು ನಿರ್ಣಯ ಪಾಸು ಮಾಡಿ ನೋಡಿ, ಕ್ಲಬ್‌ಹೌಸಿನ ಬಣ್ಣ ಯಾವುದಿರಬೇಕು ಅನ್ನೋ ಚರ್ಚೆ ಮುಗಿದಮೇಲಾದ್ರೂ ಪರವಾಗಿಲ್ಲ. ಎಷ್ಟು ಕೈ ಏಳುತ್ತೆ ಎಣಿಸಿ. ಜೊತೆಗೆ ಬದುಕೋಣ ಅಂದವರಲ್ಲಿ ಎಷ್ಟು ಜನ ಕೈ ಎತ್ತಿದರು ಅಂತ ನನಗೂ ತಿಳಿಸಿ.