ಜಾಮೀನಿನ ಸಹಿ



ಈ ಅಂಕಣದಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಬೆನ್ನುನೋವು ಎಂದು ಬರೆಯುತ್ತಿದ್ದ ನಾನು ಈ ಸಲ ದುಡ್ಡಿನ ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇನೆ. ಓದಿದ್ದು ಎಂಬಿಬಿಎಸ್, ಎಂಡಿ, ಕಾಮರ್ಸ್ ಅಲ್ಲ. ಆದರೆ ಈ ಕಾಯಿಲೆಗೆ ನಾನೇ ರೋಗಿಯಾಗಿದ್ದೆ. ಆ ಅನುಭವವೇ ಇಲ್ಲಿ ನನ್ನ ಅರ್ಹತೆ!

2018ರಲ್ಲಿ ಜಹ್ರಾದಲ್ಲಿ ನೆರೆಮನೆಯ ಸ್ನೇಹಿತರೊಬ್ಬರ ಬ್ಯಾಂಕ್ ಸಾಲಕ್ಕೆ ಜಾಮೀನು ಸಹಿ ಹಾಕಿದೆ. ಚಹಾ ಆರುವುದರೊಳಗೆ ಮುಗಿದ ಕೆಲಸ. 2020ರ ಕೊರೊನಾ ಕಾಲದಲ್ಲಿ ಅವರ ನೌಕರಿ ಹೋಯಿತು, ಊರು ಸೇರಿದರು, ಕಂತು ನಿಂತಿತು. ಬ್ಯಾಂಕಿನ ಫೋನ್ ನನಗೆ ಬಂತು. ಮಗಳ ಕಾಲೇಜು ಫೀಸು ಕಟ್ಟಬೇಕಾದ ತಿಂಗಳು ಅದು. "ಸಹಿ ಹಾಕೋ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತೇನ್ರೀ?" ಎಂದಳು ಹೆಂಡತಿ. ನನ್ನಲ್ಲಿ ಉತ್ತರವಿರಲಿಲ್ಲ.

ಕಂಪನಿಗಳ ಲೆಕ್ಕಪತ್ರದಲ್ಲಿ ಇಂಥ ಸಹಿಗೆ 'ಕಂಟಿಂಜೆಂಟ್ ಲಯಬಿಲಿಟಿ' ಎನ್ನುತ್ತಾರೆ. ಇವತ್ತು ಸಾಲವಲ್ಲ, ಒಂದು ಘಟನೆ ನಡೆದರೆ ಸಾಲ. ಕಂಪನಿಗಳು ಅದನ್ನು ಲೆಕ್ಕಪತ್ರದ ಟಿಪ್ಪಣಿಯಲ್ಲಿ ಬರೆದಿಡುತ್ತವೆ. ನಾನು ಮನೆಯಲ್ಲೂ ಹೇಳಿರಲಿಲ್ಲ.

ನನ್ನ ಹೆಸರಿಗೆ ಮೈಸೂರಿನಲ್ಲಿ ಒಂದು ಸೈಟಿತ್ತು. ಸಾಲಕ್ಕಿಂತ ಆಸ್ತಿ ಹೆಚ್ಚಿದ್ದರೆ 'ಸಾಲ್ವೆನ್ಸಿ' ಇದೆ ಎಂದರ್ಥ. ಆದರೆ ಲಾಕ್‌ಡೌನಿನಲ್ಲಿ ಅದನ್ನು ಕೊಳ್ಳುವವರು ಯಾರು? ಬೇಕಾದಾಗ ಕೈಗೆ ನಗದು ಸಿಗುವುದು 'ಲಿಕ್ವಿಡಿಟಿ'. ಮೈಯೆಲ್ಲ ನೀರು ತುಂಬಿ ಊದಿಕೊಂಡಿದ್ದರೂ ರಕ್ತನಾಳದೊಳಗೆ ದ್ರವ ಸಾಲದೆ ಬಿ.ಪಿ. ಕುಸಿದ ರೋಗಿಗಳನ್ನು ನಾನು ನೋಡಿದ್ದೇನೆ. ನನ್ನ ಸ್ಥಿತಿಯೂ ಅದೇ ಆಗಿತ್ತು.

ಇದೇ ಕಾಯಿಲೆ ಒಮ್ಮೆ ಇಡೀ ಕುವೈತಿಗೆ ಬಂದಿತ್ತು. ಕುವೈತ್ ನಗರದ ಸೂಕ್ ಅಲ್-ಮನಾಖ್ ಹೆಸರು ಕೇಳಿರುತ್ತೀರಿ. ಮನಾಖ್ ಎಂದರೆ ಒಂಟೆಗಳು ಮಂಡಿಯೂರಿ ಕೂರುವ ಜಾಗ. ಅಲ್ಲಿ ಅನಧಿಕೃತ ಷೇರುಪೇಟೆಯೊಂದು ಬೆಳೆಯಿತು. ಜನ ನಗದು ಕೊಡದೆ, ಮುಂದಿನ ತಾರೀಖಿನ ಚೆಕ್ ಬರೆದು ಷೇರು ಕೊಂಡರು. ಇದು 'ಲೆವರೇಜ್', ಅಂದರೆ ಸಾಲದ ಬಲದಲ್ಲಿ ವ್ಯಾಪಾರ. ಸಾವಿರ ದಿನಾರ್ ಸ್ವಂತದ್ದು, ಒಂಬತ್ತು ಸಾವಿರ ಸಾಲ ಎಂದಿಟ್ಟುಕೊಳ್ಳಿ. ಬೆಲೆ ಶೇಕಡಾ ಹತ್ತು ಏರಿದರೆ ನಿಮ್ಮ ದುಡ್ಡು ಎರಡರಷ್ಟು, ಹತ್ತು ಇಳಿದರೆ ಸೊನ್ನೆ.

1982ರ ಆಗಸ್ಟಿನಲ್ಲಿ ಚೆಕ್ ವಾಪಸಾಗತೊಡಗಿದವು. ಕೊಟ್ಟವನು ಹಣ ತೀರಿಸದಿರುವ ಭಯಕ್ಕೆ 'ಕೌಂಟರ್‌ಪಾರ್ಟಿ ರಿಸ್ಕ್' ಎಂದು ಹೆಸರು. ಒಬ್ಬನ ಚೆಕ್ಕನ್ನು ನಂಬಿ ಇನ್ನೊಬ್ಬ ಚೆಕ್ ಬರೆದಿದ್ದ. ಒಬ್ಬ ಬಿದ್ದರೆ ಎಲ್ಲರೂ ಬೀಳುವ ಇಂಥ ಸ್ಥಿತಿ 'ಸಿಸ್ಟಮಿಕ್ ರಿಸ್ಕ್'. ಕಿಡ್ನಿ ನಿಂತು, ಹಿಂದೆಯೇ ಹೃದಯ, ಶ್ವಾಸಕೋಶ ಸೋತಂತೆ. ಕೊನೆಗೆ ಲೆಕ್ಕ ಹಾಕಿದಾಗ ಸುಮಾರು 29,000 ಚೆಕ್‌ಗಳು, ಮೊತ್ತ ಸುಮಾರು 9,400 ಕೋಟಿ ಡಾಲರ್!

ಇನ್ನೊಂದು ಪದ 'ಡೈವರ್ಸಿಫಿಕೇಶನ್': ಎಲ್ಲವನ್ನೂ ಒಂದೇ ಕಡೆ ಇಡದಿರುವುದು. ನಮ್ಮ ನೌಕರಿ, ವೀಸಾ, ಮನೆ ಎಲ್ಲವೂ ಒಂದೇ ದೇಶದಲ್ಲಿವೆ. 1990ರ ಆಗಸ್ಟ್ 2ರಂದು ಇಲ್ಲಿದ್ದ ಹಿರಿಯರನ್ನು ಕೇಳಿ, ಅದರ ಅರ್ಥ ಹೇಳುತ್ತಾರೆ. ಊರಿನ ಬ್ಯಾಂಕೂ ಅಷ್ಟೆ: 2020ರಿಂದ ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ಮಾತ್ರ.

ನನ್ನ ಕಥೆಗೆ ಬರುತ್ತೇನೆ. ಹೆಂಡತಿಯ ಬಳೆ ಅಡವಿಟ್ಟು ಫೀಸು ಕಟ್ಟಿದೆವು, ಎರಡೂವರೆ ವರ್ಷ ಕಂತು ಕಟ್ಟಿದೆ. ಸ್ನೇಹಿತರು ಕೆಟ್ಟವರಲ್ಲ, ಆಗಾಗ ಸ್ವಲ್ಪ ಕಳಿಸುತ್ತಾರೆ. ಆದರೆ ಮೊದಲಿನ ಸಲಿಗೆ ಉಳಿದಿಲ್ಲ. ದುಡ್ಡಿಗಿಂತ ಹೆಚ್ಚು ನೋವು ಅದರದ್ದು.

ಈಗ ಪ್ರತಿ ಯುಗಾದಿಗೆ ಗಂಡ ಹೆಂಡತಿ ಕೂತು ಒಂದು ಹಾಳೆಯಲ್ಲಿ ಬರೆಯುತ್ತೇವೆ: ಏನಿದೆ, ಏನು ಕೊಡಬೇಕು, ಯಾರಿಗೆ ಸಹಿ ಹಾಕಿದ್ದೇವೆ, ಸಂಬಳ ನಿಂತರೆ ಎಷ್ಟು ತಿಂಗಳು ನಡೆಯುತ್ತದೆ. ನೀವೂ ಬರೆಯಿರಿ. ಈ ತಪಾಸಣೆಗೆ ಡಾಕ್ಟರ ಫೀಸಿಲ್ಲ!