ಕಾರು ನಿಲ್ಲಿಸುವ ಜಾಗಕ್ಕೆ ಶಟರ್ ಹಾಕಿದರೆ

ಬೀದರ್, ಹುಮನಾಬಾದ್ ಕಡೆಯಿಂದ ಮುಂಬೈ ಹೆದ್ದಾರಿಯಲ್ಲಿ ಹೈದರಾಬಾದಿಗೆ ಬರುವವರಿಗೆ ನಗರದ ಬಾಗಿಲು ಪಟಾನ್‌ಚೆರು. ಕಾರ್ಖಾನೆ ಕೆಲಸಕ್ಕೆ ಬಂದ ನಮ್ಮವರು ಕೆಲವರು ಇಲ್ಲೇ ಸೈಟು ಕೊಂಡು ಮನೆ ಕಟ್ಟಿಸಿದ್ದಾರೆ. ಕಟ್ಟಿಸಿದ ಮೇಲೆ ಒಂದು ಆಸೆ ಹುಟ್ಟುವುದು ಸಹಜ. ಕೆಳಗೆ ಕಾರು ನಿಲ್ಲಿಸುವ ಜಾಗಕ್ಕೆ ಶಟರ್ ಹಾಕಿದರೆ ಒಂದು ಟಿಫಿನ್ ಸೆಂಟರ್‌ನ ಬಾಡಿಗೆ ಬರುತ್ತದಲ್ಲ! ನೋಟಿಸು ಬಂದರೆ ಕೋರ್ಟಿಗೆ ಹೋದರಾಯಿತು ಎಂಬ ಧೈರ್ಯ ಬೇರೆ.

ಕೋರ್ಟು ಏನು ಕೊಡುತ್ತದೆ ನೋಡೋಣ. 2024ರ ಸೆಪ್ಟೆಂಬರ್ 22, ಭಾನುವಾರ, ಪಕ್ಕದ ಅಮೀನ್‌ಪುರದ ಕಿಷ್ಟಾರೆಡ್ಡಿಪೇಟೆಯಲ್ಲಿ ಹೈಡ್ರಾ ಕಟ್ಟಡ ಕೆಡವಿತು. ಸರ್ಕಾರಿ ಜಾಗದ ಒತ್ತುವರಿ ಎಂಬುದು ಅಲ್ಲಿನ ಆರೋಪ. ಎಂಟೇ ದಿನದಲ್ಲಿ ತೆಲಂಗಾಣ ಹೈಕೋರ್ಟ್ ಹೈಡ್ರಾ ಆಯುಕ್ತರನ್ನೂ ತಹಶೀಲ್ದಾರರನ್ನೂ ತರಾಟೆಗೆ ತೆಗೆದುಕೊಂಡಿತು, ಭಾನುವಾರವೇ ಕೆಡವುವ ಅವಸರ ಏನಿತ್ತೆಂದು ಕೇಳಿತು. ಅದೇ ನವೆಂಬರ್ 13ರಂದು ಸುಪ್ರೀಂ ಕೋರ್ಟು ಕೆಡವುವ ಮುನ್ನ 15 ದಿನದ ನೋಟಿಸು ಕಡ್ಡಾಯ ಎಂದಿತು. ರಸ್ತೆ, ಕೆರೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಆ ರಕ್ಷಣೆ ಇಲ್ಲ. ಇದನ್ನು ಓದಿ ಹಲವರು ನಿರಾಳರಾದರು.

ಆದರೆ ಒಂದು ತಿಂಗಳು ಕಳೆದ ಮೇಲೆ, ಡಿಸೆಂಬರ್ 17ರಂದು, ಅದೇ ಸುಪ್ರೀಂ ಕೋರ್ಟಿನಿಂದ ಮೀರಠ್‌ನ ಶಾಸ್ತ್ರಿ ನಗರದ ತೀರ್ಪು ಬಂತು. ವಾಸಕ್ಕೆಂದು ಹಂಚಿದ ನಿವೇಶನದಲ್ಲಿ ಪರವಾನಗಿ ಇಲ್ಲದೆ ಅಂಗಡಿಗಳೆದ್ದಿದ್ದವು. ಅಂಗಡಿ ಕೊಂಡವರು ಬೇರೆಯವರು, ಅದಕ್ಕೆ ದುಡ್ಡು ಕೊಟ್ಟವರು. ವರ್ಷಗಟ್ಟಲೆ ಯಾರೂ ತಡೆಯಲಿಲ್ಲ, ಅಧಿಕಾರಿಗಳು ಸುಮ್ಮನಿದ್ದರು ಎಂಬ ವಾದ ನಿಲ್ಲಲಿಲ್ಲ. ಎಷ್ಟು ವರ್ಷ ಕಳೆದರೂ, ಎಷ್ಟು ಹಣ ಸುರಿದರೂ ಅಕ್ರಮ ಸಕ್ರಮವಾಗದು ಎಂದ ನ್ಯಾಯಪೀಠ ಕೆಡವುವ ಆದೇಶವನ್ನೇ ಎತ್ತಿಹಿಡಿಯಿತು. ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ಬ್ಯಾಂಕು ಸಾಲ ಕೊಡಬೇಕು, ಕರೆಂಟು ನೀರಿನ ಸಂಪರ್ಕವೂ ಆಮೇಲೆಯೇ ಎಂದೂ ಹೇಳಿತು. ಅಂದರೆ ನೋಟಿಸಿನ ನಿಯಮ ನಿಮಗೆ ಕೊಡುವುದು ಸಮಯ, ಹಕ್ಕಲ್ಲ.

ಹೈದರಾಬಾದಿನ ಮಟ್ಟಿಗೆ ಈ ಷರತ್ತು ಇರುವುದು 2012ರ 168ನೇ ಸಂಖ್ಯೆಯ ಸರ್ಕಾರಿ ಆದೇಶದಲ್ಲಿ. ಪಾರ್ಕಿಂಗ್ ಜಾಗವನ್ನು ಬೇರೆ ಯಾವುದಕ್ಕೆ ಬಳಸಿದರೂ ನೇರವಾಗಿ ತೆರವುಗೊಳಿಸಬಹುದೆಂದು ಅದರಲ್ಲೇ ಬರೆದಿದೆ.

ಈ ಷರತ್ತುಗಳನ್ನು ನಾವು ಆಫೀಸಿನವರ ಕಿರಿಕಿರಿ ಅಂದುಕೊಳ್ಳುತ್ತೇವೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯವರು ಹಾಗೆ ಅಂದುಕೊಳ್ಳಲಿಲ್ಲ. ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಬಿಡಿಎ ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋಗಿ, 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಬಿ.ಎಸ್. ಮುದ್ದಪ್ಪ ಪ್ರಕರಣವೆಂದು ವಕೀಲರು ಇಂದಿಗೂ ಉಲ್ಲೇಖಿಸುವುದು ಇದನ್ನೇ. ನಕ್ಷೆಯ ಷರತ್ತು ನೆರೆಯವರ ಹಕ್ಕೂ ಹೌದು. ನಿಮ್ಮ ಟಿಫಿನ್ ಸೆಂಟರ್‌ನ ಗಿರಾಕಿಗಳ ಬೈಕು ಎದುರುಮನೆಯ ಗೇಟಿಗೆ ಅಡ್ಡ ನಿಂತ ದಿನ ದೂರು ಕೊಡುವುದು ಆ ಮನೆಯವರೇ, ಪಾಲಿಕೆಯಲ್ಲ.

ಅಂಗಡಿ ಬೇಕೇಬೇಕೆಂದರೆ ಭೂಬಳಕೆ ಬದಲಾವಣೆಗೆ ಅರ್ಜಿ ಹಾಕುವ ದಾರಿ ಇದೆ. ಶುಲ್ಕವುಂಟು, ಓಡಾಟವೂ ಉಂಟು. ಅದು ಸಿಕ್ಕರೂ ಕಾರು ನಿಲ್ಲಿಸುವ ಜಾಗವನ್ನು ನಕ್ಷೆಯಲ್ಲಿ ತೋರಿಸಲೇಬೇಕು.