ಕೈಯೊಳಗಿನ ತೆರೆಯೂ ಮನೆಯ ಹಿರಿಯರೂ



ಕಳೆದ ಮಳೆಗಾಲವು ಮುಗಿಯುತ್ತ ಬಂದಾಗ ಲಕ್ಕುಂಡಿಯಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆನು. ಅಕ್ಕನ ಅತ್ತೆಯವರು ಮೊಬಾಯಿಲನ್ನು ಮುಂದಿಟ್ಟುಕೊಂಡು ಮೋರೆ ಸಣ್ಣದು ಮಾಡಿ ಪಡಸಾಲೆಯಲ್ಲಿ ಕುಳಿತಿದ್ದರು. ಹೆಸರುಕಾಳು ಮಾರಿದ ಹಣವು ಅಂದು ಖಾತೆಗೆ ಜಮೆಯಾಗಿದ್ದಿತು.

“ದಲಾಲರು ಹನ್ನೆರಡೂವರಿ ಸಾವಿರ ಅಂದಿದ್ರು, ತಮ್ಮಾ. ಇದರಾಗ ನೋಡಿದ್ರ ಸಾವಿರದ ಇನ್ನೂರಾ ಐವತ್ತು ಐತಿ. ಇಪ್ಪತ್ತು ವರ್ಷದ ನಂಬಿಗಿ! ಫೋನ್ ಹಚ್ಚಿ ಬೈದೂ ಬಿಟ್ಟೆ” ಎಂದರು.

ನಾನು ತೆಗೆದುಕೊಂಡು ನೋಡಿದೆನು. ಅಕ್ಷರಗಳನ್ನು ಅತಿ ದೊಡ್ಡದಾಗಿ ಮಾಡಿಕೊಂಡಿದ್ದರು. ತೆರೆಯ ಮೇಲೆ ‘12,50’ ಎಂದು ಇದ್ದಿತು. ಸಾವಿರದ ಇನ್ನೂರೈವತ್ತನ್ನು ಬರೆಯುವಾಗ ಅಲ್ಪವಿರಾಮವು ಒಂದರ ಮುಂದೆ ಬರಬೇಕೇ ಹೊರತು ಹನ್ನೆರಡರ ಮುಂದೆ ಬಾರದು. ಮೊಮ್ಮಗನು ಅಕ್ಷರಗಳನ್ನು ಚಿಕ್ಕದು ಮಾಡಿದೊಡನೆ, ಅಡಗಿದ್ದ ಕೊನೆಯ ಸೊನ್ನೆಯು ಹೊರಗೆ ಬಂದಿತು: 12,500. ಹಣವು ಸರಿಯಾಗಿಯೇ ಇದ್ದಿತು. ಅಂಕಿಗೆಂದು ಮಾಡಿದ ಪೆಟ್ಟಿಗೆಯು ಇಕ್ಕಟ್ಟಾಗಿ ಸೊನ್ನೆಯು ಕತ್ತರಿಸಿಹೋಗಿದ್ದಿತು.

“ಈಗ ಸೊನ್ನಿ ಬಂತು ಖರೆ, ನನಗ ಒಂದೂ ಕಾಣಂಗಿಲ್ಲಲ್ಲಪಾ” ಎಂದು ಹಿರಿಯರು ನಿಟ್ಟುಸಿರಿಟ್ಟರು.

ತಪ್ಪು ಅವರ ಕಣ್ಣಿನದೂ ಅಲ್ಲ, ಮೊಬಾಯಿಲಿನದೂ ಅಲ್ಲ. ಆ್ಯಪನ್ನು ರಚಿಸಿದವರ ಎಣಿಕೆಯದು. ಅದು ಹೇಗೆಂಬುದನ್ನು ಗೃಹಸ್ಥರೆಲ್ಲರೂ ತಿಳಿದಿರುವುದು ಒಳ್ಳೆಯದು.

ಮೊಬಾಯಿಲಿನ ತೆರೆಯು ಪಿಕ್ಸೆಲ್ ಎಂಬ ಸೂಕ್ಷ್ಮ ಬಿಂದುಗಳಿಂದಾದುದು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನ ತೆರೆಯಲ್ಲಿ ಅಗಲಕ್ಕೆ 320, ಉದ್ದಕ್ಕೆ 480 ಬಿಂದುಗಳಿದ್ದವು. 2010ರ ಐಫೋನ್ 4ರಲ್ಲಾದರೋ ಹಿಂದಿನ ಐಫೋನಿನಂತೆಯೇ ಮೂರೂವರೆ ಅಂಗುಲದ ತೆರೆಯಿದ್ದು, ಬಿಂದುಗಳು 640 ಮತ್ತು 960 ಆದವು. ತೆರೆಯು ಬೆಳೆಯಲಿಲ್ಲ, ಬಿಂದುಗಳು ಒತ್ತಾದವು. ಹೀಗಿರಲು 48 ಬಿಂದುಗಳ ಅಗಲದ ಬಟನ್ನನ್ನು ಹಾಗೆಯೇ ಒತ್ತು ತೆರೆಯ ಮೇಲೆ ಇರಿಸಿದರೆ ಅದರ ಅಗಲವು ಅರ್ಧಕ್ಕಿಳಿದು, ಬೆರಳಿಗೆ ನಿಲುಕದಂತಾಗುವುದು.

ಇದಕ್ಕೆ ಪರಿಹಾರವಾಗಿ ಆಂಡ್ರಾಯ್ಡಿನಲ್ಲಿ ಡಿಪಿ ಎಂಬ ಅಳತೆಯನ್ನು ಏರ್ಪಡಿಸಿದ್ದಾರೆ. ಅಂಗುಲಕ್ಕೆ 160 ಬಿಂದುಗಳಿರುವ ತೆರೆಯಲ್ಲಿ ಒಂದು ಡಿಪಿ ಎಂದರೆ ಒಂದು ಬಿಂದು. 320 ಇದ್ದಲ್ಲಿ ಎರಡು, 480 ಇದ್ದಲ್ಲಿ ಮೂರು, 640 ಇದ್ದಲ್ಲಿ ನಾಲ್ಕು. ಆದುದರಿಂದ 48 ಡಿಪಿಯ ಬಟನ್ನು ಕ್ರಮವಾಗಿ 48, 96, 144, 192 ಬಿಂದುಗಳನ್ನು ಬಳಸಿಕೊಂಡರೂ ಎಲ್ಲ ತೆರೆಗಳಲ್ಲಿಯೂ ಸುಮಾರು ಏಳೂವರೆ ಮಿಲಿಮೀಟರಿನಷ್ಟೇ ಕಾಣುವುದು. ಅಕ್ಷರಗಳಿಗೆ ಎಸ್‌ಪಿ ಎಂಬ ಬೇರೊಂದು ಅಳತೆಯುಂಟು. ಅದು ಓದುವವರು ಆರಿಸಿಕೊಂಡ ಗಾತ್ರಕ್ಕೆ ತಕ್ಕಂತೆ ಹಿಗ್ಗುವುದು. 2023ರ ಆಂಡ್ರಾಯ್ಡ್ 14ರಿಂದ ಅಕ್ಷರಗಳನ್ನು ಎರಡು ಪಟ್ಟಿನವರೆಗೆ ಹಿಗ್ಗಿಸಬಹುದಾಗಿದೆ.

ಅಕ್ಷರವು ಹಿಗ್ಗುವುದಾದರೆ ಅದನ್ನಿರಿಸಿದ ಪೆಟ್ಟಿಗೆಯೂ ಹಿಗ್ಗಬೇಕಷ್ಟೆ. ಪೆಟ್ಟಿಗೆಯ ಅಗಲ ಎತ್ತರಗಳನ್ನು ಬಿಗಿಯಾಗಿ ಕಟ್ಟಿಟ್ಟರೆ, ಬೆಳೆದ ಹುಡುಗನಿಗೆ ಹಳೆಯ ಅಂಗಿ ತೊಡಿಸಿದಂತಾಗುವುದು. ಕನ್ನಡಕ್ಕಂತೂ ಈ ತೊಂದರೆಯು ಹೆಚ್ಚು. ಲಕ್ಷ್ಮೇಶ್ವರ ಎಂಬ ನಮ್ಮ ನೆರೆಯೂರಿನ ಹೆಸರನ್ನೇ ನೋಡಿರಿ: ‘ಕ್ಷ್ಮೇ’ ಎಂಬಲ್ಲಿ ಒತ್ತಕ್ಷರಗಳು ಕೆಳಗಿಳಿಯುತ್ತವೆ, ದೀರ್ಘವು ಪಕ್ಕಕ್ಕೆ ಚಾಚುತ್ತದೆ. ಇಂಗ್ಲಿಷಿನ ಸಾಲಿಗೆಂದು ಅಳೆದ ಎತ್ತರದಲ್ಲಿ ಒತ್ತುಗಳು ತುಂಡಾಗುವವು. ಆಂಡ್ರಾಯ್ಡಿನಲ್ಲಿ ಕನ್ನಡ ಲಿಪಿಗೆ ಆಶ್ರಯ ದೊರೆತುದು 2012ರಲ್ಲಿ, 4.1ನೆಯ ಆವೃತ್ತಿಯಿಂದ. ಅಂದಿನಿಂದ ಅಕ್ಷರವು ಮೂಡುವುದೇನೋ ಮೂಡುತ್ತದೆ. ಅದಕ್ಕೆ ಸ್ಥಳ ಬಿಡುವುದು ಆ್ಯಪು ಮಾಡುವವರ ಕರ್ತವ್ಯವಾಗಿದೆ.

ಮರುದಿನ ಕಾಶಿವಿಶ್ವೇಶ್ವರ ದೇವಾಲಯಕ್ಕೆ ಹೋದಾಗಲೂ ಇದೇ ವಿಚಾರವು ನನ್ನ ತಲೆಯಲ್ಲಿದ್ದಿತು. ಅಲ್ಲಿಯ ಗೋಡೆಗಳ ಮೇಲೆ ಕಿರುಶಿಖರಗಳನ್ನು ಕೆತ್ತಿದ್ದಾರೆ. ದೊಡ್ಡ ಶಿಖರದ ಕುಸುರಿಯನ್ನೆಲ್ಲ ಶಿಲ್ಪಿಯು ಗೇಣುದ್ದದ ಕಲ್ಲಿಗೆ ತುರುಕಲಿಲ್ಲ. ಆಕಾರದ ಪ್ರಮಾಣವನ್ನು ಉಳಿಸಿಕೊಂಡು, ಸ್ಥಳಕ್ಕೆ ತಕ್ಕಷ್ಟನ್ನೇ ಇರಿಸಿದನು. ಈ ಊರಿನಲ್ಲಿಯೇ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ತಾಳೆಗರಿಗಳೆಲ್ಲ ಒಂದೇ ಅಳತೆಗೆ ಬೆಳೆಯುವುವೇ? ಗರಿಯು ಗಿಡ್ಡವಾದರೆ ಲಿಪಿಕಾರನು ಮಾತನ್ನು ಮುಂದಿನ ಸಾಲಿಗೆ ಒಯ್ಯುವನೇ ಹೊರತು ಅಕ್ಷರವನ್ನು ಕತ್ತರಿಸಿ ಎಸೆಯನು. ಒಳ್ಳೆಯ ಆ್ಯಪಿನ ನಡೆಯೂ ಇದೇ: ಇಕ್ಕಟ್ಟಾದಲ್ಲಿ ಸಾಲು ಮುರಿಯಬೇಕು, ಪುಟವು ಮೇಲಕ್ಕೆ ಸರಿಯಬೇಕು; ಟ್ಯಾಬ್ಲೆಟ್ಟಿನಂತಹ ಅಗಲವಾದ ತೆರೆ ದೊರೆತಲ್ಲಿ ಪಟ್ಟಿಯನ್ನೂ ವಿವರವನ್ನೂ ಅಕ್ಕಪಕ್ಕದಲ್ಲಿ ತೋರಿಸಬೇಕು.

ಈಗ ಮನೆಯವರು ಮಾಡಬಹುದಾದುದನ್ನು ಹೇಳುವೆನು. ಸೆಟ್ಟಿಂಗಿನಲ್ಲಿ ಅಕ್ಷರದ ಗಾತ್ರ, ತೆರೆಯ ಮೇಲಿನ ವಸ್ತುಗಳ ಗಾತ್ರ ಎಂದು ಎರಡು ಬಗೆಗಳಿರುವುವು. ಮೊದಲನೆಯದು ಅಕ್ಷರವನ್ನಷ್ಟೆ ಬೆಳೆಸಿದರೆ, ಎರಡನೆಯದು ಬಟನ್ನು, ಚಿತ್ರ ಎಲ್ಲವನ್ನೂ ಬೆಳೆಸುವುದು. ಎರಡನ್ನೂ ಒಮ್ಮೆಲೇ ತುದಿಗೊಯ್ಯದೆ ಒಂದೊಂದೇ ಮೆಟ್ಟಿಲು ಏರಿಸಿ ನೋಡಿರಿ. ಏನಾದರೂ ಅಡಗಿದಂತೆ ತೋರಿದರೆ ಫೋನನ್ನು ಅಡ್ಡಕ್ಕೆ ತಿರುಗಿಸಿರಿ. ಹಣದ ಮೊತ್ತವನ್ನು ಬ್ಯಾಂಕಿನ ಸಂದೇಶದೊಡನೆಯೋ ಪಾಸ್‌ಬುಕ್ಕಿನೊಡನೆಯೋ ತಾಳೆ ನೋಡದೆ ಯಾರ ಮೇಲೂ ಸಂಶಯಪಡಬೇಡಿರಿ. ಆ್ಯಪು ರಚಿಸುವವರಿಗೆ ಫೋನಿನ ಮಾದರಿಯನ್ನೂ ಅಕ್ಷರದ ಗಾತ್ರವನ್ನೂ ಕಾಣಿಸಿ ದೂರು ಬರೆಯಿರಿ. ಈ ವಿದ್ಯೆಯನ್ನು ಕಲಿಯುತ್ತಿರುವ ನಮ್ಮ ತರುಣರಲ್ಲಿ ಒಂದೇ ಬಿನ್ನಹ: ನಿಮ್ಮ ಕೆಲಸವನ್ನು ಅತಿ ಚಿಕ್ಕ ತೆರೆಯ ಮೇಲೆ, ಅತಿ ದೊಡ್ಡ ಅಕ್ಷರಗಳಲ್ಲಿ, ಕನ್ನಡದಲ್ಲಿ ಒಮ್ಮೆ ಪರೀಕ್ಷಿಸಿರಿ, ಆಮೇಲೆ ಅಜ್ಜಿಯ ಕೈಗೆ ಕೊಡಿರಿ.

ನಾನು ಊರಿಗೆ ಹೊರಟ ದಿನ ಅತ್ತೆಯವರೂ ಗದಗಿನವರೆಗೆ ಬಸ್ಸಿನಲ್ಲಿ ಜೊತೆಗೆ ಬಂದರು. “ಬೈದದ್ದು ಫೋನಿನ್ಯಾಗ, ತಪ್ಪಾತು ಅನ್ನೂದು ಎದುರಿಗೇ ಆಗಬೇಕು” ಎಂದವರೇ ದಲಾಲರ ಅಂಗಡಿಯ ಹಾದಿ ಹಿಡಿದರು. ಒಂದು ಸೊನ್ನೆಯು ಅಡಗಿದುದಕ್ಕಾಗಿ ಆ ವಯಸ್ಸಿನಲ್ಲಿ ಅಷ್ಟು ದೂರ ನಡೆಯಬೇಕಾಯಿತು.